‘ಸಿಂಧು’ ವಾಹನ: ಸಣ್ಣ ಉದ್ದಿಮೆಗೆ ದಕ್ಕುವುದೆಷ್ಟು?

ಭಾರತೀಯ ಸೇನೆಗೆ ‘ಬಿವಿಎಸ್ 10 ಸಿಂಧು’ ಎಂಬ 18 ವಾಹನಗಳನ್ನು ಪೂರೈಸುವ ಗುತ್ತಿಗೆಯು 2025ರಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಗೆ ದೊರೆಯಿತು. ವಿನ್ಯಾಸವು ಸ್ವೀಡನ್ನಿನ ಬಿಎಇ ಸಿಸ್ಟಮ್ಸ್ ಹ್ಯಾಗ್ಲುಂಡ್ಸ್ ಸಂಸ್ಥೆಯದು. ತಯಾರಿಕೆಯ ಸ್ಥಳ ಗುಜರಾತಿನ ಹಜೀರಾ. ಇಂತಹ ಸುದ್ದಿ ಪ್ರಕಟವಾದಾಗಲೆಲ್ಲ ಮತ್ತಿಕೆರೆ, ಗೋಕುಲ, ಯಶವಂತಪುರಗಳ ಸಣ್ಣ ವರ್ಕ್‌ಶಾಪುಗಳಲ್ಲಿ ಏಳುವ ಪ್ರಶ್ನೆ ಒಂದೇ: ರಕ್ಷಣಾ ವಲಯದ ಕೆಲಸವನ್ನು ನಂಬಿ ಹೊಸ ಯಂತ್ರ ಕೊಳ್ಳಬಹುದೇ? ಉತ್ತರಿಸುವ ಮುನ್ನ ವಾಹನದ ಸ್ವರೂಪವನ್ನೂ ಅದರ ಹಿಂದಿನ ಲೆಕ್ಕವನ್ನೂ ಅರಿಯುವುದು ಒಳಿತು.

ಸ್ವೀಡನ್ನಿನ ಉತ್ತರ ಭಾಗದ ಹಿಮ ಮತ್ತು ಜೌಗು ನೆಲಕ್ಕಾಗಿ ಹ್ಯಾಗ್ಲುಂಡ್ಸ್ ಸಂಸ್ಥೆಯು ಮೊದಲು ರೂಪಿಸಿದ್ದು ‘ಬಿವಿ 206’ ಎಂಬ ವಾಹನ. ಎರಡು ಪೆಟ್ಟಿಗೆಗಳನ್ನು ಹೈಡ್ರಾಲಿಕ್ ಕೀಲಿನಿಂದ ಜೋಡಿಸಿ, ನಾಲ್ಕು ರಬ್ಬರ್ ಪಟ್ಟಿಗಳ ಮೇಲೆ ಓಡಿಸುವುದು ಇದರ ವೈಶಿಷ್ಟ್ಯ. ತಿರುಗಿಸುವುದೂ ಈ ಕೀಲಿನಿಂದಲೇ. ಅಗಲವಾದ ಪಟ್ಟಿಗಳ ಮೇಲೆ ಭಾರ ಹರಡುವುದರಿಂದ ಮೆತ್ತನೆಯ ಹಿಮದಲ್ಲಿಯೂ ವಾಹನ ಹೂತುಹೋಗುವುದಿಲ್ಲ. ನೀರಿನಲ್ಲಿ ತೇಲಿಯೂ ಸಾಗುತ್ತದೆ. ಈ ಮಾದರಿಯ 11,000ಕ್ಕೂ ಹೆಚ್ಚು ವಾಹನಗಳು ತಯಾರಾಗಿ ಹಲವು ದೇಶಗಳನ್ನು ತಲುಪಿದವು. ಇದಕ್ಕಿಂತ ದೊಡ್ಡದೂ ರಕ್ಷಾಕವಚವುಳ್ಳದ್ದೂ ಆದ ಬಿವಿಎಸ್ 10, ಬ್ರಿಟನ್ನಿನಲ್ಲಿ ‘ವೈಕಿಂಗ್’ ಎಂಬ ಹೆಸರಿನಿಂದ ಬಳಕೆಗೆ ಬಂದು ಅಫ್ಘಾನಿಸ್ತಾನದ ಮರಳಿನಲ್ಲಿಯೂ ಓಡಿತು. ಹಿಮಾಲಯದ ಎತ್ತರ, ಮರುಭೂಮಿ, ಜೌಗುನೆಲಗಳಿಗೆ ಹೊಂದುವಂತೆ ಸುಧಾರಿಸಿದ ರೂಪವೇ ‘ಸಿಂಧು’.

ಹದಿನೆಂಟರ ಗಣಿತ

ವಾಹನವೊಂದಕ್ಕೆ ನಾಲ್ಕು ಪಟ್ಟಿಯಂತೆ 18 ವಾಹನಗಳಿಗೆ ಬೇಕಾಗುವುದು 72 ಪಟ್ಟಿಗಳು ಮಾತ್ರ. ವಾಹನಕ್ಕೆ ಎರಡರಂತೆ ಬೇಕಾಗುವ ಬಿಡಿಭಾಗವೊಂದರ ಬೇಡಿಕೆ 36. ಆ ಭಾಗಕ್ಕಾಗಿ ಜಿಗ್, ಫಿಕ್ಸ್ಚರ್, ಗೇಜುಗಳಿಗೆ 3.60 ಲಕ್ಷ ರೂಪಾಯಿ ತಗುಲಿತೆಂದು ಭಾವಿಸಿದರೆ, ಪ್ರತಿ ಭಾಗದ ಮೇಲೆ ಬೀಳುವ ಹೊರೆ 10,000 ರೂಪಾಯಿ. ಅದೇ ವೆಚ್ಚ 3,600 ಭಾಗಗಳ ಮೇಲೆ ಹಂಚಿಹೋದರೆ ಹೊರೆ ಕೇವಲ 100 ರೂಪಾಯಿ. ಕೊಟೇಶನ್ ಬರೆಯುವಾಗ ಈ ವ್ಯತ್ಯಾಸವನ್ನು ಮರೆತವನಿಗೆ ಕೆಲಸ ದೊರೆಯಬಹುದು, ಲಾಭ ದೊರೆಯದು.

ಮೊದಲ ಗುತ್ತಿಗೆ ಚಿಕ್ಕದಾದರೂ ಮುಂದೆ ದೊಡ್ಡದು ಬಂದೀತೆಂಬ ವಾದವುಂಟು. ಅದರಲ್ಲಿ ಸತ್ಯಾಂಶವೂ ಇದೆ. ಇದೇ ಹಜೀರಾದ ‘ಕೆ9 ವಜ್ರ’ ಫಿರಂಗಿಯ ಉದಾಹರಣೆಯನ್ನೇ ನೋಡಬಹುದು. 2017ರ ಗುತ್ತಿಗೆಯ ನೂರನೆಯ ಫಿರಂಗಿ ಹೊರಬಂದದ್ದು 2021ರ ಫೆಬ್ರವರಿಯಲ್ಲಿ. 7,628 ಕೋಟಿ ರೂಪಾಯಿಗಳ ಮುಂದಿನ ಗುತ್ತಿಗೆಗೆ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ. ನಡುವಣ ಅಂತರ ಸುಮಾರು ನಾಲ್ಕು ವರ್ಷ. ದೊಡ್ಡ ಸಂಸ್ಥೆಗೆ ಕಾಯುವ ಶಕ್ತಿಯಿದೆ. ಸಾಲದ ಕಂತಾದರೋ ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ.

ಒಬ್ಬನೇ ಗಿರಾಕಿಯನ್ನು ನಂಬುವುದರ ಅಪಾಯ ಈ ಭಾಗಕ್ಕೆ ಹೊಸದೇನಲ್ಲ. ಜಾಲಹಳ್ಳಿಯಲ್ಲಿ ಬಿ.ಇ.ಎಲ್. ಇಂದಿಗೂ ಬೆಳೆಯುತ್ತಿದೆ, ಆದರೆ ಅದರ ನೆರೆಯಲ್ಲಿ ದೇಶಕ್ಕೆಲ್ಲ ಸಮಯ ತೋರಿಸಿದ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಕೈಗೊಂಡಿತು.

ಲಾಭವಿರುವುದು ಬಿಡಿಭಾಗದಲ್ಲಿ

ಹಾಗಾದರೆ ಸಣ್ಣ ಉದ್ದಿಮೆಗೆ ಇಲ್ಲಿ ಸ್ಥಾನವೇ ಇಲ್ಲವೇ? ಇದೆ; ಆದರೆ ಅದು ಹೊಸ ವಾಹನದ ತಯಾರಿಕೆಗಿಂತ ಹೆಚ್ಚಾಗಿ ಅದರ ದೀರ್ಘ ಬಾಳಿಕೆಯಲ್ಲಿದೆ. ಇಂತಹ ವಾಹನಗಳು ದಶಕಗಳ ಕಾಲ ಸೇವೆಯಲ್ಲಿರುತ್ತವೆ. ರಬ್ಬರ್ ಚಳಿಗೆ ಬಿರುಸಾಗುತ್ತದೆ, ಮರಳಿಗೆ ಸವೆಯುತ್ತದೆ. ಸೀಲು, ಹೋಸು, ಬುಷ್, ಬೇರಿಂಗುಗಳನ್ನು ಮತ್ತೆ ಮತ್ತೆ ಬದಲಿಸಲೇಬೇಕು. ಇವುಗಳಿಗಾಗಿ ಪ್ರತಿ ಬಾರಿಯೂ ವಿದೇಶದತ್ತ ಕೈಚಾಚಿದರೆ ಸೇನೆಗೂ ನಷ್ಟ, ದೇಶಕ್ಕೂ ನಷ್ಟ. ಆದ್ದರಿಂದ ಸವೆಯುವ ಭಾಗಗಳ ಪಟ್ಟಿ ಮತ್ತು ಪರೀಕ್ಷಾ ಮಾನದಂಡಗಳನ್ನು ಅರ್ಹ ಸಣ್ಣ ತಯಾರಕರಿಗೆ ಗುತ್ತಿಗೆಯ ಆರಂಭದಲ್ಲಿಯೇ ತಿಳಿಯಪಡಿಸಬೇಕೆಂದು ವಾಣಿಜ್ಯ ಮಂಡಳಿಗಳು ರಕ್ಷಣಾ ಇಲಾಖೆಯನ್ನು ಒತ್ತಾಯಿಸುವುದು ನ್ಯಾಯವಾಗಿದೆ.

ಉದ್ದಿಮೆದಾರರೂ ಕೆಲವು ನಿಯಮಗಳನ್ನು ಪಾಲಿಸಬೇಕು. ಕೊಳ್ಳುವ ಯಂತ್ರಕ್ಕೆ ರಕ್ಷಣಾ ವಲಯದ ಹೊರಗೂ ಕೆಲಸವಿರಬೇಕು. ಜಿಗ್ ಮತ್ತು ಗೇಜುಗಳ ವೆಚ್ಚವನ್ನು ಬಿಡಿಭಾಗದ ದರದಲ್ಲಿ ಅಡಗಿಸದೆ, ಪರ್ಚೇಸ್ ಆರ್ಡರಿನಲ್ಲಿ ಪ್ರತ್ಯೇಕವಾಗಿ ನಮೂದಿಸಿಕೊಳ್ಳಬೇಕು. ಆರ್ಡರು ಕೈಸೇರುವ ಮುನ್ನವೇ ‘ಉದ್ಯಮ್’ ನೋಂದಣಿ ಆಗಿರಬೇಕು. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದ ಹಣಕ್ಕೆ, ಒಪ್ಪಂದವಿದ್ದರೂ 45 ದಿನಗಳನ್ನು ಮೀರಿದ ಗಡುವನ್ನು 2006ರ ಕಾಯಿದೆ ಮಾನ್ಯ ಮಾಡುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಆದರೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಪಡೆದ ವರ್ತಕರಿಗೆ ದೊರೆತದ್ದು ಆದ್ಯತಾ ವಲಯದ ಸಾಲದ ಪ್ರಯೋಜನವೇ ಹೊರತು ಈ ರಕ್ಷಣೆಯಲ್ಲ. ಬಿಡಿಭಾಗ ಪೂರೈಸುವ ಅಂಗಡಿದಾರರು ಇದನ್ನು ಅವಶ್ಯ ಗಮನಿಸತಕ್ಕದ್ದು.

ಕಾನೂನು ಬಡ್ಡಿಯನ್ನು ಕೊಡಿಸಬಹುದು. ಆದರೆ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರು ಕಳೆದುಕೊಳ್ಳುವ ಧೈರ್ಯ ಒಬ್ಬಂಟಿ ಉದ್ದಿಮೆದಾರನಿಗೆ ಬರುವುದು ಕಷ್ಟ. ಅಲ್ಲಿ ಮಂಡಳಿಯೇ ಅವನ ಪರವಾಗಿ ಮಾತನಾಡಬೇಕು. ಸೇನೆಯ ವಾಹನಕ್ಕೆ ಕೈಜೋಡಿಸುವುದು ಹೆಮ್ಮೆಯ ವಿಷಯವೇ ಸರಿ. ಆ ಹೆಮ್ಮೆಯ ವೆಚ್ಚವನ್ನು ಮಾತ್ರ ಮತ್ತಿಕೆರೆಯ ಸಣ್ಣ ವರ್ಕ್‌ಶಾಪೊಂದೇ ಹೊರುವಂತಾಗಬಾರದು.