ಅಲಗಿನ ಓರೆ ಎಷ್ಟಿರಬೇಕು?

ರಾಂಪುರದ ಹೈಸ್ಕೂಲು ಹುಡುಗನೊಬ್ಬ ‘ನಾನೇ ಒಂದು ವಿಮಾನ ಕಟ್ಟುತ್ತೇನೆ’ ಎಂದರೆ ಅಪ್ಪ ಅಮ್ಮ ನಗಬೇಕಿಲ್ಲ. ಪಕ್ಕದ ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ನೆಲೆಯಿಂದ 2016ರ ನವೆಂಬರಿನಲ್ಲಿ ಮೊದಲು ಹಾರಿದ, ಪೈಲಟ್ ಇಲ್ಲದ ರುಸ್ತುಂ-2ರ ಹೆಸರಿನ ಹಿಂದೆ ಇಂಥದೇ ಕತೆಯಿದೆ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗೆಂದು ರೂಪಿಸಿದ ಲಾಂಗ್-ಈಝೀ ವಿಮಾನದ ಮಾದರಿ ಹಿಡಿದು ಪ್ರೊ. ರುಸ್ತುಂ ದಮಾನಿಯಾ ಅವರ ತಂಡ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಪುಟ್ಟ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ರುಸ್ತುಂ-1 ಬೆಳೆದದ್ದು ಅದರ ಆಧಾರದ ಮೇಲೆ.

ಹೀಗೆ ಕಟ್ಟಲು ಕೂತವರಿಗೆ ಎಂಜಿನ್ ಆಯ್ದ ಮೇಲೆ ಬರುವ ತಲೆನೋವು ಪ್ರೊಪೆಲರ್‌ನದು. ಅದು ಗಾಳಿಯನ್ನು ಕೊರೆಯುವ ತಿರುಪು. ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕೆಂಬ ಲೆಕ್ಕವೇ ಪಿಚ್. ಅಲಗಿನ ಓರೆ ಕಡಿಮೆಯಿದ್ದರೆ ಬಸ್ಸಿನ ಮೊದಲ ಗೇರಿದ್ದಂತೆ: ನೆಲ ಬಿಟ್ಟೇಳಲು ಸುಲಭ, ಮೇಲೆ ವೇಗ ಹೆಚ್ಚಿದಂತೆ ಎಂಜಿನ್ ಮಿತಿ ಮೀರಿ ಸುತ್ತುತ್ತದೆ. ಓರೆ ಹೆಚ್ಚಾದರೆ ಟಾಪ್ ಗೇರಿನಲ್ಲಿ ಬಸ್ಸು ಹೊರಡಿಸಿದ ಹಾಗೆ. ರನ್‌ವೇ ಮುಗಿದರೂ ವಿಮಾನ ಏಳಲಿಕ್ಕಿಲ್ಲ. ಬೇಸಗೆಯ ಬಿಸಿ ಗಾಳಿ ತೆಳು. ಆದ್ದರಿಂದ ನಮ್ಮ ಬಯಲುಸೀಮೆಯಲ್ಲಿ ಈ ಅಪಾಯ ಇನ್ನೂ ಜಾಸ್ತಿ.

ಎಸ್ಸೆಸ್ಸೆಲ್ಸಿ ಮಕ್ಕಳೇ ಲೆಕ್ಕ ಹಾಕಬಹುದು. 100 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್ ನಿಮಿಷಕ್ಕೆ 5,800 ಸುತ್ತು ಮೀರಬಾರದು. ಗೇರ್‌ಬಾಕ್ಸ್ ಅದನ್ನು 2.43ರಿಂದ ಭಾಗಿಸುತ್ತದೆ, ಪ್ರೊಪೆಲರ್‌ಗೆ ಸಿಗುವುದು ಸುಮಾರು 2,390 ಸುತ್ತು. ಅಡ್ಡಳತೆ 1.7 ಮೀಟರ್ ಇದ್ದರೆ, ಬುಡದಿಂದ ತುದಿಯ ಕಡೆಗೆ ಮುಕ್ಕಾಲು ದೂರದಲ್ಲಿ ಸುತ್ತಳತೆ 4 ಮೀಟರ್. ಅಲ್ಲಿ ಓರೆ 15 ಡಿಗ್ರಿಯಾದರೆ, ನಾಲ್ಕನ್ನು ಟ್ಯಾನ್ 15ರಿಂದ ಗುಣಿಸಿ: ಸುತ್ತಿಗೆ 1.07 ಮೀಟರ್, ಗಂಟೆಗೆ ಸುಮಾರು 153 ಕಿ.ಮೀ. ಓರೆಯನ್ನು 17 ಡಿಗ್ರಿ ಮಾಡಿದರೆ 175! ಗಾಳಿ ಜಾರುವುದರಿಂದ ನಿಜದಲ್ಲಿ ಇಷ್ಟು ಕರಾರುವಾಕ್ಕಾಗಿ ಸಿಗದು. ಆದರೂ ಎರಡೇ ಡಿಗ್ರಿಯ ಮಹಿಮೆ ನೋಡಿ.

ಮರದ ಪ್ರೊಪೆಲರ್‌ನ ಓರೆ ಕೆತ್ತಿದಾಗಲೇ ತೀರ್ಮಾನವಾಗಿರುತ್ತದೆ. ಹಾರುತ್ತಲೇ ಓರೆ ಬದಲಿಸುವ ಬಗೆ ಎನ್‌ಎಎಲ್‌ನ ಹನ್ಸ-3ರಲ್ಲಿದೆ. ಉತ್ತಮವೇ, ಆದರೆ ದುಬಾರಿ, ತೂಕವೂ ಹೆಚ್ಚು. ಮೊದಲ ಸಲ ಕಟ್ಟುವವರಿಗೆ ನೆಲದ ಮೇಲೆ ಬೋಲ್ಟ್ ಸಡಿಲಿಸಿ ಓರೆ ತಿದ್ದಬಹುದಾದ ಕಾಂಪೊಸಿಟ್ ಪ್ರೊಪೆಲರೇ ಸರಿ ಎಂದು ನನ್ನ ಎಣಿಕೆ. ಲೆಕ್ಕ ತಪ್ಪಿದರೆ ಹೊಸದು ಕೊಳ್ಳುವ ಬದಲು ಒಂದು ಡಿಗ್ರಿ ತಿರುಗಿಸಿದರಾಯಿತು.

ಕಾಂಪೊಸಿಟ್ ಎಂದರೆ ಗಾಜಿನ ಅಥವಾ ಕಾರ್ಬನ್ ಎಳೆಗಳನ್ನು ಎಪಾಕ್ಸಿಯಲ್ಲಿ ಅದ್ದಿ ಗಟ್ಟಿ ಮಾಡಿದ್ದು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರದ ರೆಕ್ಕೆಗಳೂ ಇದೇ ಜಾತಿಯವು. ಲೋಹಕ್ಕಿಂತ ಹಗುರವಾದ್ದರಿಂದ ಗೇರ್‌ಬಾಕ್ಸಿಗೆ ಒದೆತ ಕಡಿಮೆ. ಆದರೆ ಕಲ್ಲುಹರಳು, ಮಳೆಹನಿ ಇದರ ಶತ್ರುಗಳು. ಪ್ರೊಪೆಲರ್ ಹಿಂದಿರುವ ಲಾಂಗ್-ಈಝೀಯಂಥ ವಿಮಾನದಲ್ಲಂತೂ ಚಕ್ರ ಚಿಮ್ಮಿಸಿದ ಹರಳು ನೇರ ಅಲಗಿಗೇ ಬಡಿಯುತ್ತದೆ. ಮುಂಭಾಗದ ಅಂಚಿಗೆ ಲೋಹದ ಪಟ್ಟಿ ಇರುವುದನ್ನೇ ಆರಿಸಿ.

ಓರೆ ಕೂರಿಸುವಾಗ ಇಗ್ನಿಷನ್ ಆರಿಸಿ, ಚಕ್ರಕ್ಕೆ ಅಡೆ ಕೊಡಬೇಕು. ಎಲ್ಲ ಅಲಗುಗಳನ್ನೂ ಬುಡದಿಂದ ಒಂದೇ ದೂರದಲ್ಲಿ ಕೋನಮಾಪಕವಿಟ್ಟು ಅಳೆಯಬೇಕು. ಅರ್ಧ ಡಿಗ್ರಿ ವ್ಯತ್ಯಾಸವಿದ್ದರೂ ವಿಮಾನ ಗಡಗಡ ನಡುಗೀತು. ಬೋಲ್ಟುಗಳನ್ನು ತಯಾರಕರು ಹೇಳಿದಷ್ಟೇ ಬಿಗಿದು, ಮೊದಲ ಹಾರಾಟದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.