ಲಾಂಛನ ಬರೆದವರಾರು, ಬಳಸಿಕೊಂಡವರಾರು?

ತೋಟದ ಮೂಲೆಯಲ್ಲಿ ಬಿದ್ದಿರುವ ಕೀಟನಾಶಕದ ಖಾಲಿ ಡಬ್ಬಿಯನ್ನು ಕೋಲಿನಿಂದ ಹೊರಳಿಸಿ ನೋಡಿದರೆ, ಎಷ್ಟೋ ಡಬ್ಬಿಗಳಲ್ಲಿ ಎರಡು ತ್ರಿಕೋನಗಳು ಕಾಣಸಿಗುತ್ತವೆ. ಒಂದು, ಚೀಟಿಯ ಮೇಲಿನ ವಜ್ರಾಕೃತಿಯ ಕೆಳ ಅರ್ಧದಲ್ಲಿರುವ ಬಣ್ಣದ ತ್ರಿಕೋನ. ಇನ್ನೊಂದು, ಡಬ್ಬಿಯ ತಳದಲ್ಲಿ ಅಚ್ಚೊತ್ತಿದ, ಒಂದರ ಹಿಂದೆ ಒಂದು ಓಡುವ ಮೂರು ಬಾಣಗಳ ತ್ರಿಕೋನ. ಅದರ ನಡುವೆ ಒಂದು ಅಂಕಿ. ಮೊದಲನೆಯದು ಒಳಗಿದ್ದ ದ್ರವ್ಯ ಎಷ್ಟು ವಿಷಕಾರಿ ಎಂಬುದನ್ನು ಹೇಳುತ್ತದೆ. ಎರಡನೆಯದು, ಈ ಡಬ್ಬಿ ಮತ್ತೆ ಉಪಯೋಗಕ್ಕೆ ಬರುವ ವಸ್ತು ಎಂದು ಹೇಳುವಂತೆ ತೋರುತ್ತದೆ. 1971ರ ಕೀಟನಾಶಕ ನಿಯಮಗಳಂತೂ ಖಾಲಿ ಡಬ್ಬಿಯನ್ನು ಒಡೆದು, ವಸತಿಯಿಂದ ದೂರದಲ್ಲಿ ಹೂಳಬೇಕೆಂದು ವಿಧಿಸುತ್ತವೆ. ನಿಯಮವನ್ನು ಓದಿದವರು ಕಡಿಮೆ, ಬಾಣಗಳನ್ನು ಕಂಡವರು ಹೆಚ್ಚು. ಆದ್ದರಿಂದಲೇ ಆ ಡಬ್ಬಿ ತೊಳೆಸಿಕೊಂಡು ಮನೆಯೊಳಗೆ ಬರುತ್ತದೆ. ಸೀಮೆಎಣ್ಣೆಗೋ, ಗದ್ದೆಗೆ ಒಯ್ಯುವ ನೀರಿಗೋ ಪಾತ್ರೆಯಾಗುತ್ತದೆ.

ಚಿತ್ರವೊಂದು ಮಾತಿಗಿಂತ ಬೇಗ ಮನಸ್ಸನ್ನು ಮುಟ್ಟುತ್ತದೆ. ಹಾಗಿರುವಾಗ ಚಿತ್ರ ಆಡುವ ಸುಳ್ಳು ಮಾತಿನ ಸುಳ್ಳಿಗಿಂತ ಆಳಕ್ಕೆ ಇಳಿಯುತ್ತದೆ. ಪ್ರತಿ ವರ್ಷ ಜೂನ್ 5 ಸಮೀಪಿಸಿದಂತೆ ಕಾಲೇಜುಗಳಲ್ಲಿ ಪರಿಸರ ಲಾಂಛನ ಸ್ಪರ್ಧೆ, ಭಿತ್ತಿಪತ್ರ ಸ್ಪರ್ಧೆಗಳು ಆರಂಭವಾಗುತ್ತವೆ. ಮಲೆನಾಡಿನ ಹಳ್ಳಿಗಳಿಂದ ಪಟ್ಟಣಕ್ಕೆ ಹೋಗಿ ಗ್ರಾಫಿಕ್ ವಿನ್ಯಾಸ ಕಲಿಯುತ್ತಿರುವ ಮಕ್ಕಳೂ ಇವುಗಳಲ್ಲಿ ಉತ್ಸಾಹದಿಂದ ಭಾಗವಹಿಸುತ್ತಾರೆ. ಅವರ ಕೈಚಳಕದ ಬಗ್ಗೆ ಯಾರ ಆಕ್ಷೇಪವೂ ಇರಲಾರದು. ಆದರೆ ಬರೆದ ಚಿತ್ರ ಮುಂದೆ ಯಾರ ಕೈಗೆ ಹೋಗುತ್ತದೆ, ಯಾವ ವಸ್ತುವಿನ ಮೇಲೆ ಕೂರುತ್ತದೆ ಎಂಬ ಪ್ರಶ್ನೆಯನ್ನು ಅಂಥ ಸ್ಪರ್ಧೆಗಳು ಕೇಳುವುದೇ ಇಲ್ಲ. ಈ ಪ್ರಶ್ನೆಯನ್ನು ಕೇಳದೆ ಬಿಟ್ಟುದರ ಫಲವೇನೆಂದು ತಿಳಿಯಲು, ಮೂರು ಬಾಣಗಳನ್ನು ಬರೆದ ವಿದ್ಯಾರ್ಥಿಯ ಕಥೆಯನ್ನೇ ಗಮನಿಸಬೇಕು.

ಒಬ್ಬ ವಿದ್ಯಾರ್ಥಿ, ಒಂದು ಸ್ಪರ್ಧೆ

1970ರ ಏಪ್ರಿಲ್ 22ರಂದು ಅಮೆರಿಕದಲ್ಲಿ ಮೊದಲ ಭೂಮಿ ದಿನ ಆಚರಣೆಗೊಂಡಿತು. ಅದೇ ಸಂದರ್ಭದಲ್ಲಿ, ಕಾಗದದ ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದ 'ಕಂಟೇನರ್ ಕಾರ್ಪೊರೇಷನ್ ಆಫ್ ಅಮೆರಿಕ' ಎಂಬ ಸಂಸ್ಥೆ ಕಲೆ ಮತ್ತು ವಿನ್ಯಾಸದ ವಿದ್ಯಾರ್ಥಿಗಳಿಗಾಗಿ ಲಾಂಛನ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಹಳೆಯ ಕಾಗದದಿಂದ ಹೊಸ ರಟ್ಟು ಮಾಡುವ ಕೆಲಸವನ್ನು ಸೂಚಿಸುವ ಚಿಹ್ನೆ ಅದಕ್ಕೆ ಬೇಕಾಗಿತ್ತು. ಐನೂರಕ್ಕೂ ಹೆಚ್ಚು ಚಿತ್ರಗಳು ಬಂದವು. ಸಾಲ್ ಬಾಸ್, ಹರ್ಬರ್ಟ್ ಬೇಯರ್ ಅವರಂಥ ಖ್ಯಾತ ವಿನ್ಯಾಸಕಾರರು ತೀರ್ಪುಗಾರರ ಮಂಡಲಿಯಲ್ಲಿದ್ದರು. ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 23 ವರ್ಷದ ಗ್ಯಾರಿ ಆಂಡರ್ಸನ್ ಬಹುಮಾನ ಪಡೆದರು. ಬಹುಮಾನದ ಮೊತ್ತ 2,500 ಡಾಲರ್.

ಆಂಡರ್ಸನ್ ಬರೆದ ಚಿತ್ರ ಸರಳವೂ ಅರ್ಥಪೂರ್ಣವೂ ಆಗಿತ್ತು. ಕಾಗದದ ಪಟ್ಟಿಯೊಂದನ್ನು ಅರ್ಧ ಸುತ್ತು ತಿರುಚಿ ಎರಡೂ ತುದಿಗಳನ್ನು ಅಂಟಿಸಿದರೆ ಆದಿ ಅಂತ್ಯಗಳಿಲ್ಲದ, ಒಂದೇ ಮುಖದ ಬಳೆ ದೊರೆಯುತ್ತದೆ. ಗಣಿತಜ್ಞರು ಅದನ್ನು ಮೋಬಿಯಸ್ ಪಟ್ಟಿ ಎನ್ನುತ್ತಾರೆ. ಅದರ ನೆನಪಿನಲ್ಲಿ ಮೂರು ಮಡಚಿದ ಬಾಣಗಳು ತ್ರಿಕೋನವಾಗಿ ಕೂಡಿಕೊಂಡವು. ಕಾಗದ ಮಡಚಬಲ್ಲದು, ತಿರುಚಬಲ್ಲದು, ಮತ್ತೆ ಕಾಗದವಾಗಬಲ್ಲದು ಎಂಬುದೇ ಆ ಚಿತ್ರದ ತಾತ್ಪರ್ಯ. ಕಾಗದದ ಮಟ್ಟಿಗೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಸ್ಥೆ ಈ ಚಿಹ್ನೆಯನ್ನು ತನ್ನ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲು ಹೊರಟಿತು. ಅದಕ್ಕೆ ಆಕ್ಷೇಪ ಬಂದಾಗ ಪ್ರಯತ್ನವನ್ನು ಕೈಬಿಟ್ಟಿತು. ಚಿಹ್ನೆ ಸಾರ್ವಜನಿಕ ಸೊತ್ತಾಯಿತು. ಸಾರ್ವಜನಿಕ ಸೊತ್ತು ಎಂಬುದು ಕೇಳಲು ಹಿತವಾದ ಮಾತು. ಆದರೆ ಸೊಪ್ಪಿನಬೆಟ್ಟದ ಮರ್ಮ ಬಲ್ಲ ಮಲೆನಾಡಿನವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಯಾರು ಎಷ್ಟು ಸೊಪ್ಪು ಕಡಿಯಬೇಕು, ಯಾವಾಗ ಕಡಿಯಬಾರದು ಎಂಬ ಕಟ್ಟಳೆ ಇದ್ದಷ್ಟು ಕಾಲ ಬೆಟ್ಟ ಉಳಿಯುತ್ತದೆ. ಕಟ್ಟಳೆಯೂ ಕಾವಲೂ ಇಲ್ಲದ ಗೋಮಾಳಕ್ಕೆ ಬಲವುಳ್ಳವನು ಬೇಲಿ ಹಾಕುತ್ತಾನೆ. ಮೂರು ಬಾಣಗಳಿಗೆ ಒದಗಿದ ಗತಿಯೂ ಇದೇ.

ಬಾಣಗಳಿಗೆ ಬಿದ್ದ ಬೇಲಿ

1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮಗಳ ಒಕ್ಕೂಟ ಪ್ಲಾಸ್ಟಿಕ್ ಬಗೆಗಳಿಗೆ 1ರಿಂದ 7ರವರೆಗೆ ಅಂಕಿಗಳನ್ನು ನಿಗದಿಪಡಿಸಿತು. ಪೆಟ್ ಬಾಟಲಿಗೆ 1, ಗಡಸು ಪಾಲಿಥೀನ್ ಡಬ್ಬಿಗೆ 2, ಪಿವಿಸಿಗೆ 3, ತೆಳು ಪಾಲಿಥೀನ್ ಹಾಳೆಗೆ 4, ಪಾಲಿಪ್ರೊಪಿಲೀನ್‌ಗೆ 5, ಪಾಲಿಸ್ಟೈರೀನ್‌ಗೆ 6, ಮಿಕ್ಕವೆಲ್ಲಕ್ಕೂ 7. ವಿಂಗಡಣೆಗೆ ಅಂಕಿ ಬೇಕು, ನಿಜ. ಆದರೆ ಆ ಅಂಕಿಯ ಸುತ್ತ ಆಂಡರ್ಸನ್ ಅವರ ಬಾಣಗಳನ್ನೇ ಹೋಲುವ ಬಾಣಗಳನ್ನು ಬಳಸುವ ಅಗತ್ಯವೇನಿತ್ತು? ಅಂಕಿ ಕೇವಲ ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆ. ಬಾಣಗಳೋ, ಈ ವಸ್ತು ಮರಳಿ ಹುಟ್ಟುತ್ತದೆ ಎಂದು ಭರವಸೆ ಕೊಡುತ್ತವೆ. ಭರವಸೆ ಪೊಳ್ಳಾಗಿತ್ತು. ಹಲವು ಪದರಗಳನ್ನು ಬೆಸೆದು ಮಾಡಿದ ಚಿಪ್ಸ್ ಪೊಟ್ಟಣವನ್ನು ಗುಜರಿಯವನು ಮುಟ್ಟುವುದಿಲ್ಲ. ಬಿಸಿಲಿಗೆ ಜೀರ್ಣವಾದ ತೆಳು ಹಾಳೆಗೆ ಬೆಲೆಯಿಲ್ಲ. ಆದರೂ ಬಾಣಗಳು ಎಲ್ಲದರ ಮೇಲೆಯೂ ಓಡುತ್ತಲೇ ಇದ್ದವು.

2017ರಲ್ಲಿ ಪ್ರಕಟವಾದ ಗೇಯರ್, ಜ್ಯಾಂಬೆಕ್ ಮತ್ತು ಲಾ ಅವರ ಅಧ್ಯಯನ ಲೆಕ್ಕವನ್ನು ಮುಂದಿಟ್ಟಿದೆ. 2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 630 ಕೋಟಿ ಟನ್. ಅದರಲ್ಲಿ ಮರುಸಂಸ್ಕರಣೆಗೊಂಡದ್ದು ಶೇಕಡಾ 9 ಮಾತ್ರ. ಸುಟ್ಟದ್ದು ಶೇಕಡಾ 12. ಉಳಿದ ಶೇಕಡಾ 79 ಭೂಮಿಯಲ್ಲಿ, ನೀರಿನಲ್ಲಿ, ತಿಪ್ಪೆಯಲ್ಲಿ ಬಿದ್ದಿದೆ.

ಅಂಕಿಗೆ ಬಾಣ ಅನಿವಾರ್ಯವೆಂದು ವಾದಿಸುವವರಿಗೆ ಉತ್ತರ ಕೊಟ್ಟುದು ಮಾನಕ ರೂಪಿಸುವವರೇ. 2013ರಲ್ಲಿ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಬಾಣಗಳನ್ನು ತೆಗೆದು ಬರಿಯ ತ್ರಿಕೋನವನ್ನು ವಿಧಿಸಿತು. ಆಂಡರ್ಸನ್ ಓದಿದ ಕ್ಯಾಲಿಫೋರ್ನಿಯಾ ರಾಜ್ಯವೇ 2021ರಲ್ಲಿ, ವಾಸ್ತವವಾಗಿ ಮರುಸಂಸ್ಕರಣೆಯಾಗದ ವಸ್ತುವಿನ ಮೇಲೆ ಬಾಣಗಳನ್ನು ಮುದ್ರಿಸಬಾರದೆಂದು ಶಾಸನ ಮಾಡಿತು. ಬಾಣಗಳಿಲ್ಲದೆಯೂ ವಿಂಗಡಣೆ ನಡೆಯುತ್ತದೆ ಎಂದಾದರೆ, ಅಷ್ಟು ವರ್ಷ ಅವು ಯಾರ ಸೇವೆಯಲ್ಲಿದ್ದವು? ಕೊಳ್ಳುವವರ ಮನಸ್ಸಾಕ್ಷಿಗೆ ಸಮಾಧಾನ ಹೇಳುವ ಕೆಲಸವನ್ನಷ್ಟೇ ಅವು ಮಾಡಿದವು.

ಹಸಿರೆಂದರೆ ನಿರಪಾಯವೆ?

ಡಬ್ಬಿಯ ಮೇಲಿನ ಮೊದಲ ತ್ರಿಕೋನಕ್ಕೂ ಇಂಥದೇ ದೋಷವಿದೆ. ಕೆಂಪು ಎಂದರೆ ಅತ್ಯಂತ ವಿಷಕಾರಿ, ಹಳದಿ ಎಂದರೆ ಹೆಚ್ಚು ವಿಷಕಾರಿ, ನೀಲಿ ಎಂದರೆ ಮಧ್ಯಮ, ಹಸಿರು ಎಂದರೆ ಅಲ್ಪ ವಿಷಕಾರಿ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ ಇದಕ್ಕೆ ಆಧಾರ. ಬಾಯಿಯ ಮೂಲಕ ಕೊಟ್ಟಾಗ ಆ ಪ್ರಮಾಣ 50ರವರೆಗೆ ಇದ್ದರೆ ಕೆಂಪು, 500ರವರೆಗೆ ಹಳದಿ, 5,000ದವರೆಗೆ ನೀಲಿ, ಅದಕ್ಕೂ ಮೀರಿದರೆ ಹಸಿರು. ತಕ್ಷಣದ ಸಾವನ್ನು ಅಳೆಯುವ ಮಾಪನ ಇದು. ವರ್ಷಾನುಗಟ್ಟಲೆ ಸಿಂಪಡಿಸಿದವನ ದೇಹದಲ್ಲಿ ಏನಾಗುತ್ತದೆ, ಹಳ್ಳದ ಮೀನಿಗೆ, ತೋಟದ ಜೇನಿಗೆ ಏನಾಗುತ್ತದೆ ಎಂಬುದನ್ನು ಈ ಬಣ್ಣ ಹೇಳುವುದಿಲ್ಲ.

ಆದರೆ ಹಳ್ಳಿಯ ಕಣ್ಣು ಹಸಿರನ್ನು ಹೇಗೆ ಓದುತ್ತದೆ? ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ರಸ್ತೆಯಲ್ಲಿ ಹಸಿರು ದೀಪ ಉರಿದರೆ ಹೋಗಬಹುದು. ಹಸಿರು ಎಂದರೆ ಕಾಡು, ಹಸಿರು ಎಂದರೆ ಫಸಲು. ಇಷ್ಟೆಲ್ಲ ಶುಭವನ್ನು ಹೊತ್ತ ಬಣ್ಣವನ್ನು ವಿಷದ ಡಬ್ಬಿಯ ಮೇಲೆ ಬಳಿದು, ಅದರ ಮೇಲೆ ಎಚ್ಚರಿಕೆಯ ಪದವನ್ನು ಸಣ್ಣಕ್ಷರದಲ್ಲಿ ಮುದ್ರಿಸಿದರೆ, ಬರಿಗೈಯಲ್ಲಿ ದ್ರಾವಣ ಕಲಸುವ ಹೆಂಗಸು ಯಾವುದನ್ನು ನಂಬಬೇಕು? ವಿನ್ಯಾಸದಲ್ಲಾದ ತಪ್ಪಿಗೆ ಇಲ್ಲಿ ದಂಡ ತೆರುವುದು ಆಕೆಯ ಚರ್ಮ ಮತ್ತು ಶ್ವಾಸಕೋಶ.

ಕಣ್ಣೀರಿನ ಭಿತ್ತಿಪತ್ರ

ಲಾಂಛನದಂತೆಯೇ ಭಿತ್ತಿಪತ್ರವೂ ದಾರಿ ತಪ್ಪಿಸಬಲ್ಲದು. 1971ರ ಭೂಮಿ ದಿನದಂದು ಅಮೆರಿಕದಲ್ಲಿ ಒಂದು ಜಾಹೀರಾತು ಬಿಡುಗಡೆಯಾಯಿತು. ಮೂಲನಿವಾಸಿಯ ವೇಷದ ವ್ಯಕ್ತಿಯೊಬ್ಬ ಕಸ ತುಂಬಿದ ದಡದಲ್ಲಿ ನಿಂತು ಕಣ್ಣೀರು ಸುರಿಸುತ್ತಾನೆ. ಮಾಲಿನ್ಯ ಆರಂಭಿಸುವವರು ಜನ, ನಿಲ್ಲಿಸಬೇಕಾದವರೂ ಜನ ಎಂಬುದು ಅದರ ಸಂದೇಶ. ಅದನ್ನು ಹೊರಡಿಸಿದ 'ಕೀಪ್ ಅಮೆರಿಕ ಬ್ಯೂಟಿಫುಲ್' ಎಂಬ ಸಂಘಟನೆಯನ್ನು 1953ರಲ್ಲಿ ಸ್ಥಾಪಿಸಿದವರಲ್ಲಿ ಡಬ್ಬಿ, ಬಾಟಲಿ ಮತ್ತು ಪೊಟ್ಟಣ ತಯಾರಕರೇ ಪ್ರಮುಖರು. ಅಳುತ್ತಿದ್ದ ನಟ ಇಟಲಿ ಮೂಲದವನು. ಬಾಟಲಿ ತಯಾರಿಸಿದವನನ್ನು ಕೇಳಬೇಕಾದ ಪ್ರಶ್ನೆಯನ್ನು ಬಾಟಲಿ ಎಸೆದವನ ಕಡೆಗೆ ತಿರುಗಿಸಿದ ಆ ಚಿತ್ರ, ತನ್ನ ಕೆಲಸವನ್ನು ಬಹಳ ಚೆನ್ನಾಗಿ ಮಾಡಿತು. ಇಂದಿಗೂ ಶಾಲೆಯ ಗೋಡೆಯ ಮೇಲಿನ ಭಿತ್ತಿಪತ್ರಗಳಲ್ಲಿ ಕಸ ಎಸೆಯುವ ಹುಡುಗನಿದ್ದಾನೆ. ಪೊಟ್ಟಣ ಮಾಡುವ ಕಾರ್ಖಾನೆ ಇಲ್ಲ.

ಚಳವಳಿಯ ಅಂಗಳದಲ್ಲಿಯೂ

ಬೇರೆಯವರನ್ನು ಟೀಕಿಸಿ ಮುಗಿಸುವಂತಿಲ್ಲ. ಘಟ್ಟದ ಊರುಗಳಲ್ಲಿ ಪರಿಸರ ಸಭೆಗಳ ಹಿಂದೆ ತೂಗುವ ಫಲಕ ಯಾವುದರಿಂದ ಮಾಡಿದ್ದು? ಫ್ಲೆಕ್ಸ್. ಫ್ಲೆಕ್ಸ್ ಎಂದರೆ ಪಿವಿಸಿ ಲೇಪಿಸಿದ ಹಾಳೆ. ಅಂಕಿ 3ರ ಬಳಗ. ಬೆಂಕಿ ಹಚ್ಚಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್‌ಗಳೂ ಹೊಮ್ಮುತ್ತವೆ. ಕರ್ನಾಟಕ ಸರಕಾರ 2016ರ ಮಾರ್ಚ್ ತಿಂಗಳ ಅಧಿಸೂಚನೆಯಲ್ಲಿ ಕೈಚೀಲ, ತಟ್ಟೆ, ಲೋಟಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ಆ ಮೇಲೂ 'ಕಾಡು ಉಳಿಸಿ' ಎಂಬ ಅಕ್ಷರಗಳು ಫ್ಲೆಕ್ಸಿನ ಮೇಲೆ ಮೂಡುವುದು ನಿಂತಿಲ್ಲ. ಸಭೆ ಮುಗಿದ ಬಳಿಕ ಅದೇ ಹಾಳೆ ಕಟ್ಟಿಗೆ ರಾಶಿಗೆ ಹೊದಿಕೆಯಾಗಿ, ಕೊನೆಗೆ ಹರಿದು ಹಳ್ಳ ಸೇರುತ್ತದೆ.

ಕೊಳೆರೋಗಕ್ಕೆ ಅಂಜಿ ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆಯ ಕಥೆಯೂ ಬೇರೆಯಲ್ಲ. ಹಿಂದೆ ಹಾಳೆ, ಕರಡಗಳಿಂದ ಕಟ್ಟುತ್ತಿದ್ದ ಕೊಟ್ಟೆ ಮಣ್ಣಿಗೆ ಬಿದ್ದು ಗೊಬ್ಬರವಾಗುತ್ತಿತ್ತು. ಪಾಲಿಥೀನ್ ಕೊಟ್ಟೆ ಒಂದೆರಡು ಮಳೆಗಾಲದಲ್ಲಿ ಚಿಂದಿಯಾಗಿ ಮಣ್ಣಿನಲ್ಲಿ ಸೇರಿಹೋಗುತ್ತದೆ. ಅದರ ಕಟ್ಟಿನ ಮೇಲೆ ಎಷ್ಟು ಬಾಣಗಳಿದ್ದರೂ ತೋಟದಿಂದ ಅದನ್ನು ಆರಿಸಿ ಒಯ್ಯುವ ಲಾರಿ ಬರುವುದಿಲ್ಲ.

ಮೂರು ಬಾಣ, ಮೂರು ಮಾತು

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅವರ ಬಳಿ ಲಾಂಛನವಿರಲಿಲ್ಲ. ಮರವನ್ನು ಬಳಸಿದ ತೋಳುಗಳೇ ಲಾಂಛನವಾದವು. ಅಪ್ಪಿಕೋ ಚಳವಳಿ ನಾಡಿಗೆ ಕೊಟ್ಟ ಮಾತೂ ಮೂರೇ: ಉಳಿಸು, ಬೆಳೆಸು, ಬಳಸು. ಇಲ್ಲಿ ಬಳಕೆ ಕೊನೆಗೆ ಬರುತ್ತದೆ. ಉಳಿಸಿ ಬೆಳೆಸಿದವನಿಗೆ ಮಾತ್ರ ಬಳಸುವ ಹಕ್ಕು. ಪೊಟ್ಟಣದ ಮೇಲಿನ ಬಾಣಗಳಿಗೆ ಇಂಥ ಮೊದಲು, ಕೊನೆಗಳಿಲ್ಲ. ಎಲ್ಲಿಂದ ಬೇಕಾದರೂ ಹತ್ತಿ ಸುತ್ತುತ್ತಲೇ ಇರಬಹುದು. ಆದ್ದರಿಂದ ಮೊದಲು ಕಡಿಮೆ ಮಾಡು ಎಂಬ ಮಾತು ಅಲ್ಲಿ ಕೇಳಿಸುವುದೇ ಇಲ್ಲ.

ಷರತ್ತುಳ್ಳ ಲಾಂಛನ ಅಸಾಧ್ಯವೇನಲ್ಲ. ಭಾರತ ಸರಕಾರ 1991ರಲ್ಲಿ 'ಇಕೋಮಾರ್ಕ್' ಯೋಜನೆಗೆ ಮಣ್ಣಿನ ಮಡಕೆಯನ್ನು ಲಾಂಛನವಾಗಿ ಆರಿಸಿತು. ಪರೀಕ್ಷೆಗೆ ಒಳಗಾದ ವಸ್ತುವಿಗೆ ಮಾತ್ರ ಆ ಮಡಕೆ ಸಲ್ಲುತ್ತದೆ. ಪರೀಕ್ಷೆ ಇತ್ತೆಂಬ ಕಾರಣಕ್ಕೇ ಅದನ್ನು ಕೇಳಿ ಬಂದ ಉದ್ಯಮಗಳು ತೀರ ವಿರಳ. ಪರೀಕ್ಷೆಯಿಲ್ಲದ ಬಾಣಗಳಿಗೆ ಎಲ್ಲರೂ ಮುಗಿಬಿದ್ದರು. 2024ರಲ್ಲಿ ಇಕೋಮಾರ್ಕ್‌ಗೆ ಹೊಸ ನಿಯಮಗಳು ಬಂದಿವೆ. ಅದೇ ವರ್ಷ, ಪರಿಸರಸ್ನೇಹಿ ಎಂಬ ಸುಳ್ಳು ಹೇಳಿಕೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಹೇಳಿಕೆಗೆ ಪುರಾವೆ ಕೇಳುವ ಅವಕಾಶ ಈಗ ಗ್ರಾಹಕರಿಗಿದೆ. ಕೇಳದಿದ್ದರೆ ಮಡಕೆಯ ಗತಿಯೇ ಇದಕ್ಕೂ ಆದೀತು.

ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ಮುಂದಿನ ಸ್ಪರ್ಧೆಗೆ ಕುಂಚ ಹಿಡಿಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಈ ಚಿಹ್ನೆ ಯಾವ ಸಂಗತಿಯನ್ನು ಸತ್ಯವೆಂದು ಸಾರುತ್ತದೆ? ಆ ಸತ್ಯವನ್ನು ಪರೀಕ್ಷಿಸುವವರು ಯಾರು? ಪರೀಕ್ಷೆಯಲ್ಲಿ ಸೋತ ವಸ್ತುವಿನಿಂದ ಚಿಹ್ನೆಯನ್ನು ಕಿತ್ತುಹಾಕುವ ಅಧಿಕಾರ ಯಾರಿಗಿದೆ? ಮೂರಕ್ಕೂ ಉತ್ತರ ಕೊಡಲಾರದ ಸಂಘಟಕರಿಗೆ ಚಿತ್ರ ಬರೆದುಕೊಡದಿರುವುದೂ ಪರಿಸರ ಸೇವೆಯೇ. ಎಲೆಯೊಂದನ್ನು ಬರೆದು ಹಸಿರು ಬಳಿಯುವುದು ಸುಲಭ. ಕೀಟನಾಶಕದ ಚೀಟಿಯ ಎಚ್ಚರಿಕೆಯನ್ನು, ಓದು ಬಾರದ ಕೂಲಿಕಾರ್ಮಿಕರಿಗೂ ತಿಳಿಯುವಂತೆ ಬರೆಯುವುದು ಕಷ್ಟ. ಈ ಕಷ್ಟದ ಕೆಲಸಕ್ಕೆ ಮಲೆನಾಡಿನ ಮಕ್ಕಳಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ? ಆ ತೋಟ, ಆ ಡಬ್ಬಿ, ಆ ಕೈಗಳನ್ನು ಕಂಡು ಬೆಳೆದವರು ಅವರೇ ಅಲ್ಲವೆ?

ಗ್ರಾಮಸ್ಥರ ಕರ್ತವ್ಯ ಇನ್ನೂ ಸರಳ. ಬಾಣಗಳನ್ನು ಕಂಡು ಡಬ್ಬಿಯನ್ನು ಮನೆಯೊಳಗೆ ತಾರದಿರಲಿ. ಹಸಿರು ತ್ರಿಕೋನ ಕಂಡು ಕೈಗವಸನ್ನು ಬದಿಗಿಡದಿರಲಿ. ಸಭೆಗೆ ಬಟ್ಟೆಯ ಫಲಕವನ್ನೇ ಕಟ್ಟಲಿ. ಪೊಟ್ಟಣದ ಮೇಲೆ ಬಾಣ ಮುದ್ರಿಸಿದ ಉದ್ಯಮ ಆ ಪೊಟ್ಟಣವನ್ನು ಮರಳಿ ಒಯ್ಯಲು ಊರಿಗೆ ಬರುತ್ತದೆಯೆ ಎಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಲಿ. ಬಾರದಿದ್ದರೆ, ಅದರ ಲಾಂಛನವನ್ನು ಊರು ನಂಬಬೇಕಾದ ಕಾರಣವಿಲ್ಲ.