ತಿನಿಸಿನ ಮೇಳದಲ್ಲಿ ಮಿತವ್ಯಯ

ಇಬ್ಬನಿ ಬಿದ್ದು ಅವರೆಯ ಸೊಗಡು ಏರಿತೆಂದರೆ ನಮ್ಮ ಕೋಲಾರದ ಕಡೆಯಿಂದ ಬೆಂಗಳೂರಿನತ್ತ ಕಾಯಿಯ ಮೂಟೆಗಳು ಹೊರಡುತ್ತವೆ. ಅವುಗಳ ಬೆನ್ನಿಗೇ ನಮ್ಮ ವಿದ್ಯಾರ್ಥಿಗಳೂ ಹೊರಡುತ್ತಾರೆ. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿ ಎರಡು ದಶಕಗಳ ಹಿಂದೆಯೇ ಪ್ರಾರಂಭವಾಗಿ, ೨೦೨೩ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಸ್ಥಳ ಬದಲಿಸಿದ ಅವರೆಬೇಳೆ ಮೇಳದ ಹೆಸರನ್ನು ಕೇಳದವರು ಈ ಭಾಗದಲ್ಲಿ ವಿರಳ. ಅವರೆಯ ದೋಸೆ, ಅವರೆಯ ಹೋಳಿಗೆ, ಅವರೆಯ ಜಿಲೇಬಿ, ಕೊನೆಗೆ ಅವರೆಯ ಐಸ್‌ಕ್ರೀಂ ಕೂಡ ಅಲ್ಲಿ ಉಂಟು. ಶ್ರೀನಿವಾಸಪುರದ ಹೊಲದಲ್ಲಿ ಬೆಳೆದ ಕಾಯನ್ನು ಶ್ರೀನಿವಾಸಪುರದವನೇ ಬೆಂಗಳೂರಿಗೆ ಹೋಗಿ ದುಡ್ಡು ತೆತ್ತು ತಿಂದು ಬರುವುದು ವಿನೋದವಾಗಿ ಕಾಣಬಹುದು. ಆದರೆ ಅವನು ಬೆಲೆ ಕೊಡುವುದು ಕಾಯಿಗೆ ಮಾತ್ರವಲ್ಲ. ಸುಲಿದು ಹಿದುಕಿದ ಕೈಗಳಿಗೆ, ಕರಿದ ಎಣ್ಣೆಗೆ, ಮಳಿಗೆಯ ಬಾಡಿಗೆಗೆ, ಜೊತೆಗೆ ಆ ಗದ್ದಲದ ನಡುವೆ ಗೆಳೆಯರೊಡನೆ ನಿಂತು ತಿನ್ನುವ ಸಂತೋಷಕ್ಕೂ.

ಕೆಲವು ವರ್ಷಗಳ ಹಿಂದೆ ನಾವು ಇಪ್ಪತ್ತನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಹುಡುಗರು ಸರ್ಕಾರಿ ಬಸ್ಸಿನಲ್ಲಿ ನಮ್ಮೊಡನೆ ಬಂದರು. ಮಾಲೂರಿನವರು ರೈಲಿನಲ್ಲಿ ಬಂದು ಸೇರಿಕೊಂಡರು. ಬೆಳಿಗ್ಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಸಂಜೆ ಮೇಳ. ಬಸ್ಸಿನಲ್ಲಿ ಕುಳಿತು, ಭೌತಶಾಸ್ತ್ರದ ಅಧ್ಯಾಪಕರಿಗೆ ಸಹಜವಾದ ಉತ್ಸಾಹದಿಂದ, ಮೇಳದಲ್ಲಿ ಹಣ ಉಳಿಸುವ ಬಗೆಯನ್ನು ಕುರಿತು ಒಂದು ಉಪನ್ಯಾಸವನ್ನೇ ಕೊಟ್ಟೆವು. ಆ ಉಪನ್ಯಾಸದಲ್ಲಿ ತಪ್ಪೇನೂ ಇರಲಿಲ್ಲವೆಂದು ಈಗಲೂ ನಂಬಿದ್ದೇವೆ. ಕೊರತೆಯೊಂದು ಮಾತ್ರ ಇತ್ತು. ಅದನ್ನು ಮುಂದೆ ಹೇಳುತ್ತೇವೆ.

ಮೇಳದಲ್ಲಿ ಕಣ್ಣು ಅಳೆಯುವುದು ಗಾತ್ರವನ್ನು. ಹೊಟ್ಟೆಗೆ ಬೇಕಾದುದು ದ್ರವ್ಯ. ಈ ಎರಡರ ನಡುವಣ ಅಂತರದಲ್ಲಿಯೇ ನಮ್ಮ ಹಣ ಬಹುಮಟ್ಟಿಗೆ ಸೋರಿಹೋಗುತ್ತದೆ. ಹಣ್ಣಿನ ರಸದ ಲೋಟವನ್ನು ನೋಡಿರಿ. ಲೋಟದ ಅಳತೆ ೩೦೦ ಮಿಲಿಲೀಟರ್ ಆಗಿದ್ದು, ಅದರಲ್ಲಿ ೧೨೦ ಮಿಲಿಲೀಟರಿನಷ್ಟು ಜಾಗವನ್ನು ಮಂಜುಗಡ್ಡೆಯೇ ಆಕ್ರಮಿಸಿದ್ದರೆ ನಮಗೆ ದೊರೆಯುವ ರಸ ೧೮೦ ಮಾತ್ರ. ಆ ಮಂಜುಗಡ್ಡೆ ಕರಗಿದರೆ ಸುಮಾರು ೧೧೦ ಮಿಲಿಲೀಟರ್ ನೀರಾಗುತ್ತದೆ. ಏಕೆಂದರೆ ಮಂಜುಗಡ್ಡೆಯ ಸಾಂದ್ರತೆ ನೀರಿನದಕ್ಕಿಂತ ಹನ್ನೆರಡರಲ್ಲಿ ಒಂದು ಪಾಲಿನಷ್ಟು ಕಡಿಮೆ. ‘ಐಸ್ ಬೇಡ’ ಎನ್ನುವುದು ಜಾಣತನವೇ. ಆದರೆ ಐಸ್ ಇಲ್ಲದಿದ್ದರೆ ಲೋಟ ತುಂಬ ಕೊಡುವರೋ, ಮುಕ್ಕಾಲು ಲೋಟ ಕೊಡುವರೋ ಎಂದು ಮೊದಲೇ ಕೇಳಿಕೊಳ್ಳಬೇಕು.

ಐಸ್‌ಕ್ರೀಮಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದನ್ನು ತಯಾರಿಸುವಾಗ ಕಡೆಯುತ್ತ ಕಡೆಯುತ್ತ ಗಾಳಿಯನ್ನು ಸೇರಿಸುತ್ತಾರೆ. ಗಾಳಿ ಇಲ್ಲದಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗಿ ನಾಲಗೆಗೆ ಒಗ್ಗದು. ಆದುದರಿಂದ ಇದು ಮೋಸವಲ್ಲ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಒಂದು ಲೀಟರ್ ಐಸ್‌ಕ್ರೀಮಿನ ತೂಕ ೫೨೫ ಗ್ರಾಮಿಗೆ ಕಡಿಮೆ ಇರಕೂಡದು. ಕಡೆಯುವ ಮುಂಚಿನ ಮಿಶ್ರಣದ ಲೀಟರು ಒಂದು ಕಿಲೋಗ್ರಾಮಿಗಿಂತಲೂ ತುಸು ಹೆಚ್ಚೇ ತೂಗುತ್ತದೆ. ಅಂದಮೇಲೆ, ನಿಯಮಕ್ಕೆ ಒಳಪಟ್ಟೇ ಬಟ್ಟಲಿನ ಅರ್ಧದಷ್ಟು ಗಾಳಿ ಇರಬಹುದು. ಅದನ್ನು ಮಾರುವುದೂ ಮಿಲಿಲೀಟರ್ ಲೆಕ್ಕದಲ್ಲಿ, ಗ್ರಾಮ್ ಲೆಕ್ಕದಲ್ಲಲ್ಲ.

ಇನ್ನು ದೋಸೆ. ೨೦ ಸೆಂಟಿಮೀಟರ್ ವ್ಯಾಸದ ದೋಸೆಗೆ ೬೦ ರೂಪಾಯಿ, ೨೫ ಸೆಂಟಿಮೀಟರಿನದಕ್ಕೆ ೮೦ ರೂಪಾಯಿ ಎಂದಿಟ್ಟುಕೊಳ್ಳೋಣ. ವ್ಯಾಸ ಕಾಲು ಪಾಲು ಹೆಚ್ಚಿತು, ಬೆಲೆ ಮೂರರಲ್ಲಿ ಒಂದು ಪಾಲು ಹೆಚ್ಚಿತು. ದೊಡ್ಡದು ದುಬಾರಿ ಎಂದು ಯಾರಾದರೂ ಹೇಳಿಯಾರು. ಆದರೆ ವಿಸ್ತೀರ್ಣ ಹೆಚ್ಚುವುದು ವ್ಯಾಸದ ವರ್ಗಕ್ಕೆ ಅನುಗುಣವಾಗಿ; ದೊಡ್ಡ ದೋಸೆ ಚಿಕ್ಕದರ ಒಂದೂವರೆ ಪಾಲಿಗಿಂತಲೂ ಅಧಿಕ. ಇದನ್ನು ಹೇಳಿದಾಗ ಮುಳಬಾಗಿಲಿನ ಹುಡುಗನೊಬ್ಬ ಎದ್ದುನಿಂತು, “ದಪ್ಪದ ಲೆಕ್ಕ ಎಲ್ಲಿ ಹೋಯಿತು ಸಾರ್?” ಎಂದು ಕೇಳಿದ. ತನ್ನ ಊರಿನ ದೋಸೆಯ ಹೆಸರನ್ನು ಬೆಂಗಳೂರಿನ ಹೋಟೆಲುಗಳ ಹಲಗೆಯ ಮೇಲೆ ಓದಿ ಬೆಳೆದವನಿಗೆ ಆ ಪ್ರಶ್ನೆ ಹೊಳೆಯದೆ ಇದ್ದೀತೆ? ಅವನ ಮಾತು ಸರಿಯೇ. ದಪ್ಪ ಅರ್ಧಕ್ಕಿಳಿದರೆ ವಿಸ್ತೀರ್ಣದ ಲಾಭವೆಲ್ಲ ಹಂಚಿನ ಮೇಲೆಯೇ ಆವಿಯಾಗುತ್ತದೆ.

ಬಾಟಲಿಯ ನೀರಿನ ವಿಷಯದಲ್ಲಿ ಕಾನೂನನ್ನೂ ತಿಳಿದಿರಬೇಕು. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ ೨೦೧೧ರ ನಿಯಮಗಳಂತೆ ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ಅಪರಾಧ. ಒಂದೇ ಸರಕಿಗೆ ಒಂದೊಂದು ಕಡೆ ಒಂದೊಂದು ಗರಿಷ್ಠ ಬೆಲೆ ಮುದ್ರಿಸುವುದನ್ನೂ ೨೦೧೮ರ ಜನವರಿಯಿಂದ ನಿಷೇಧಿಸಲಾಯಿತು. ಆದರೆ ಕುಳ್ಳಿರಿಸಿ ಬಡಿಸುವ ಹೋಟೆಲುಗಳಿಗೆ ಈ ಕಟ್ಟು ಅನ್ವಯಿಸದೆಂದು ೨೦೧೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದ್ದರಿಂದ ವಾದ ಹೂಡುವ ಮುನ್ನ ಎದುರಿಗಿರುವುದು ಅಂಗಡಿಯೋ ಹೋಟೆಲೋ ನೋಡಿಕೊಳ್ಳಿರಿ. ಮನೆಯಿಂದಲೇ ನೀರು ಒಯ್ದರೆ ಈ ತಂಟೆಯೇ ಇಲ್ಲ.

ಇಷ್ಟೆಲ್ಲ ಹೇಳಿ ಮೇಳಕ್ಕೆ ಬಿಟ್ಟೆವು. ಹುಡುಗರು ನಮ್ಮ ಪಾಠವನ್ನು ಅನುಸರಿಸಿದರೋ ಇಲ್ಲವೋ ನೋಡುತ್ತ ತಿರುಗುತ್ತಿದ್ದಾಗ, ಮೈದಾನದ ಅಂಚಿನಲ್ಲಿ ಒಬ್ಬ ವಿದ್ಯಾರ್ಥಿ ಎಲ್ಲರ ಚೀಲಗಳನ್ನು ಕಾಯುತ್ತ ಕುಳಿತಿದ್ದುದು ಕಂಡಿತು. “ಹೊಟ್ಟೆ ತುಂಬಿದೆ ಸಾರ್,” ಎಂದ. ನಾವು ನಂಬಿದೆವು. ಒಂದು ವಾರದ ಮೇಲೆ ತಿಳಿದುಬಂದುದೇನೆಂದರೆ, ಅವನ ಜೇಬಿನಲ್ಲಿದ್ದುದು ಹೋಗಿಬರುವ ಬಸ್ಸಿನ ಹಣ ಮಾತ್ರ. ಅವನ ಸಹಪಾಠಿನಿಯರಿಗೆ ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯ ಕಾರಣ ಬಸ್ಸಿನ ಖರ್ಚು ಇರಲಿಲ್ಲ, ಇವನಿಗೆ ಇತ್ತು. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ನಮ್ಮ ಉಪನ್ಯಾಸವನ್ನು ಅಂದು ಸಂಪೂರ್ಣವಾಗಿ ಆಚರಣೆಗೆ ತಂದವನು ಅವನೊಬ್ಬನೇ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದಿನಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಗಿದೆ. ಮಿತವ್ಯಯವನ್ನು ಒಬ್ಬೊಬ್ಬನ ಜಾಣತನಕ್ಕೆ ಬಿಟ್ಟರೆ ಇದ್ದವನಿಗೆ ಅದು ಆಟ, ಇಲ್ಲದವನಿಗೆ ಉಪವಾಸ. ಮೇಳದ ಲೆಕ್ಕವನ್ನು ಮೇಳಕ್ಕೆ ಹೋಗುವ ಮುನ್ನ, ತರಗತಿಯಲ್ಲಿ, ಎಲ್ಲರೂ ಕೂಡಿ ಮಾಡಬೇಕು.

ಮರುವರ್ಷ ನಾವು ಮಾಡಿದ್ದು ಇಷ್ಟು. ಪ್ರತಿಯೊಬ್ಬರೂ ತಾವು ತಿನಿಸಿಗೆ ಕೊಡಬಲ್ಲ ಮೊತ್ತವನ್ನು ಹೆಸರು ಹಾಕದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದರು. ಒಂದು ಚೀಟಿಯಲ್ಲಿ ೬೦೦ ಇತ್ತು, ಒಂದರಲ್ಲಿ ೯೦. ಸರಾಸರಿಯನ್ನು ತೆಗೆಯಲಿಲ್ಲ, ಅತಿ ಕಡಿಮೆಯದನ್ನೇ ಎಲ್ಲರ ವಂತಿಗೆಯೆಂದು ಗೊತ್ತುಮಾಡಿದೆವು. ಅಂಕಿಗಳ ವಿಷಯದಲ್ಲಿ ಸರಾಸರಿಗೆ ಇರುವ ಗೌರವ ಹಸಿವಿನ ವಿಷಯದಲ್ಲಿ ಇರಬೇಕಾಗಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಯಿಂದ ಚಿತ್ರಾನ್ನವೋ ಮೊಸರನ್ನವೋ ಕಟ್ಟಿ ತರುವುದೆಂದಾಯಿತು. ಹಸಿದ ಹೊಟ್ಟೆಯಲ್ಲಿ ಮೇಳವನ್ನು ಹೊಕ್ಕವನು ಕಂಡುದನ್ನೆಲ್ಲ ಕೊಳ್ಳುತ್ತಾನೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುವುದರಿಂದ, ಆ ಅವಧಿಯಲ್ಲಿ ಇನ್ನೆರಡು ತಟ್ಟೆಗಳ ಹಣ ಕೈಬಿಟ್ಟಿರುತ್ತದೆ.

ನಾಲ್ವರಿಗೊಂದು ಗುಂಪು. ಗುಂಪಿಗೆ ೩೬೦ ರೂಪಾಯಿ. ಒಂದೊಂದು ತಿನಿಸಿನಲ್ಲಿ ಒಂದೇ ತಟ್ಟೆ ಕೊಂಡು ನಾಲ್ಕು ಪಾಲು ಮಾಡುವುದು. ಎಂಜಲಿನ ಪ್ರಶ್ನೆಯನ್ನು ಹುಡುಗಿಯರು ಎತ್ತಿದರು, ಎತ್ತಬೇಕಾದ ಪ್ರಶ್ನೆಯೇ. ಬಾಯಿ ಮುಟ್ಟುವ ಮುಂಚೆಯೇ ಹಂಚಿಕೊಳ್ಳಲೆಂದು ಪ್ರತಿಯೊಬ್ಬರೂ ಮನೆಯಿಂದ ಒಂದು ಚಿಕ್ಕ ತಟ್ಟೆ ತಂದರು. ಒಂದು ಗುಂಪಿನ ಲೆಕ್ಕ ನಮ್ಮ ಟಿಪ್ಪಣಿ ಪುಸ್ತಕದಲ್ಲಿದೆ: ಆರು ತಿನಿಸು, ಒಟ್ಟು ೩೩೦ ರೂಪಾಯಿ, ತಲೆಗೆ ೮೨ ರೂಪಾಯಿ ೫೦ ಪೈಸೆ. ಒಬ್ಬನೇ ಆರನ್ನೂ ರುಚಿ ನೋಡಹೊರಟಿದ್ದರೆ ೩೩೦ ಅವನೊಬ್ಬನ ಮೇಲೆಯೇ ಬೀಳುತ್ತಿತ್ತು; ಆರನೆಯ ತಟ್ಟೆಯ ಹೊತ್ತಿಗೆ ನಾಲಗೆಯೂ ಬೇಸತ್ತಿರುತ್ತಿತ್ತು. ಜಿಲೇಬಿಯ ಮೊದಲ ತುತ್ತಿಗಿರುವ ಸವಿ ಎಂಟನೆಯ ತುತ್ತಿಗೆ ಇರುವುದಿಲ್ಲವೆಂಬುದಕ್ಕೆ ಪ್ರಯೋಗಶಾಲೆ ಬೇಡ. ೬೦೦ ಬರೆದವರು ಯಾರೋ ನಮಗೆ ತಿಳಿಯದು. ಯಾರೂ ಕೊರಗಿದಂತೆ ಕಾಣಲಿಲ್ಲ.

ಈ ವರ್ಷ ವಿದ್ಯಾರ್ಥಿಗಳಿಗೆ ಅವರೆಮೇಳ ಸಾಲದಂತೆ. ಥೀಮ್ ಪಾರ್ಕಿಗೆ ಹೋಗಬೇಕಂತೆ. ಅಲ್ಲಿಯೂ ಈಗ ರಜೆಯ ದಿನಗಳಲ್ಲಿ ತಿನಿಸಿನ ಉತ್ಸವಗಳು ನಡೆಯುವುದುಂಟು. ಹೋಗಲಿ, ನಮ್ಮ ಆಕ್ಷೇಪವಿಲ್ಲ. ಉರುಳುಬಂಡಿಯ ಮೇಲೆ ಶಕ್ತಿಯ ನಿತ್ಯತೆಯನ್ನು ಕಲಿಯುವುದು ಕರಿಹಲಗೆಯ ಮೇಲೆ ಕಲಿಯುವುದಕ್ಕಿಂತ ಮೇಲು. ಆದರೆ ಮೈದಾನದ ಮೇಳಕ್ಕೂ ಬೇಲಿಯೊಳಗಣ ಮೇಳಕ್ಕೂ ವ್ಯತ್ಯಾಸವಿದೆ. ಬಸವನಗುಡಿಯಲ್ಲಿ ಒಂದು ಮಳಿಗೆ ದುಬಾರಿಯೆನಿಸಿದರೆ ರಸ್ತೆ ದಾಟಿದರೆ ಇನ್ನೊಂದು ಅಂಗಡಿ. ಬೇಲಿಯೊಳಗೆ, ಟಿಕೆಟು ಹರಿಸಿಕೊಂಡ ಮೇಲೆ, ಆಯ್ಕೆ ಮುಗಿಯಿತು. ಬುತ್ತಿಯನ್ನು ಒಳಗೆ ಬಿಡದಿರುವುದೇ ಇಂಥ ಕಡೆಗಳಲ್ಲಿ ಸಾಮಾನ್ಯ ಪದ್ಧತಿ. ಹೀಗಿರುವಾಗ ಕಾಲೇಜುಗಳು ಪ್ರವಾಸದ ಪ್ರಕಟಣೆಯಲ್ಲಿ ಬಸ್ಸಿನ ಹಣವನ್ನೂ ಪ್ರವೇಶದ ಹಣವನ್ನೂ ಮಾತ್ರ ಬರೆದು ಊಟದ ಹಣವನ್ನು ಬಿಟ್ಟುಬಿಡುವುದು, ಪ್ರಯೋಗದ ವರದಿಯಲ್ಲಿ ಒಂದು ರಾಶಿಯನ್ನು ಮುಚ್ಚಿಟ್ಟಂತೆ. ಮುಚ್ಚಿಟ್ಟ ಆ ಮೊತ್ತದ ಹೊರೆ ಬೀಳುವುದು ಚೀಲ ಕಾಯುವ ಹುಡುಗನ ಮೇಲೆ. ತಂದೆತಾಯಿಗಳಿಗೆ ಹೋಗುವ ಪತ್ರದಲ್ಲಿ ಮೂರೂ ಮೊತ್ತಗಳು ಒಂದೇ ಸಾಲಿನಲ್ಲಿ ಇರಬೇಕೆಂದು ನಮ್ಮ ಕಾಲೇಜಿನ ಅಧ್ಯಾಪಕರ ಸಭೆಯಲ್ಲಿ ಕೇಳಿದ್ದೇವೆ.

ಚೀಟಿಗಳ ಡಬ್ಬಿಯನ್ನು ಕಳೆದ ಸೋಮವಾರ ತೆರೆದೆವು. ಈ ಸಲದ ಅತಿ ಕಡಿಮೆಯ ಮೊತ್ತ ೭೦. ಗುಂಪುಗಳಾಗಿ ಬರುವ ವಿದ್ಯಾರ್ಥಿಗಳು ಗೇಟಿನ ಹೊರಗೆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ ಉಂಡು, ಅದೇ ಟಿಕೆಟಿನಲ್ಲಿ ಮತ್ತೆ ಒಳಕ್ಕೆ ಬರಬಹುದೇ ಎಂದು ಉದ್ಯಾನದವರನ್ನು ಕೇಳಿ ಪತ್ರ ಬರೆದಿದ್ದೇವೆ. ಉತ್ತರ ಬಂದ ಮೇಲೆ ದಿನಾಂಕ ಗೊತ್ತಾಗಲಿದೆ.